ಬೇಲಿ ಹಾರುವ ಕುದುರೆ, ಬಂಡೆ ಎಳೆಯುವ ಎತ್ತು

ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಿಂದ ಹೆಚ್ಚು ದೂರವಿಲ್ಲದ ಹೈಗ್ರೌಂಡ್ಸ್ ಭಾಗದಲ್ಲಿ ಒಂದು ಉದ್ದನೆಯ ಗೋಡೆಯಿದೆ. ಅದರಾಚೆಗೆ ಇರುವುದು ಕುದುರೆ ಓಟದ ಮೈದಾನ. ಆದೋನಿ, ಕೋಸಿಗಿ, ಕೌತಾಳಂ, ಹೊಳಗುಂದ, ಹಾಲಹರವಿ ಕಡೆಗಳಿಂದ ದುಡಿಮೆಗಾಗಿಯೋ ಚಿಕಿತ್ಸೆಗಾಗಿಯೋ ಮಕ್ಕಳ ಮುಂದಿನ ಓದಿಗಾಗಿಯೋ ಬೆಂಗಳೂರಿಗೆ ಹೋಗಿಬರುವ ನಮ್ಮ ಕುಟುಂಬಗಳಲ್ಲಿ ಅನೇಕರು ಆ ಗೋಡೆಯನ್ನು ಹೊರಗಿನಿಂದ ಕಂಡಿರುತ್ತಾರೆ. ಒಳಗೆ ಹೋಗಿ ನೋಡಿದವರು ವಿರಳ. ಹೋದವರೂ ಮನೆಯಲ್ಲಿ ಅದರ ಮಾತೆತ್ತುವುದು ಕಡಿಮೆ. ಏಕೆಂದರೆ ರೇಸ್ ಎಂಬ ಶಬ್ದವು ನಮ್ಮ ಮನೆಗಳಲ್ಲಿ ಕುದುರೆಗಿಂತ ಮೊದಲು ಸಾಲವನ್ನು ನೆನಪಿಗೆ ತರುತ್ತದೆ.

ಆದರೂ ಮಕ್ಕಳು ಕೇಳುತ್ತಾರೆ. ಕುದುರೆಗಳು ಎಷ್ಟು ವೇಗವಾಗಿ ಓಡುತ್ತವೆ? ದೂರದರ್ಶನದಲ್ಲಿ ತೋರಿಸುವಂತೆ ಎತ್ತರದ ಬೇಲಿಗಳನ್ನು ಹಾರುತ್ತವೆಯೇ? ಬಿದ್ದರೆ ಅವುಗಳ ಗತಿಯೇನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ನಾವು ಬೆಂಗಳೂರು, ಮೈಸೂರುಗಳನ್ನು ದಾಟಿ ಇಂಗ್ಲೆಂಡಿನ ಒಂದು ಪ್ರಸಿದ್ಧ ಮೈದಾನವನ್ನು ಮುಟ್ಟುತ್ತೇವೆ; ಅಲ್ಲಿಂದ ತಿರುಗಿ ನಮ್ಮದೇ ಊರಿನ ಜಾತ್ರೆಯ ಬಯಲಿಗೆ ಬಂದು ನಿಲ್ಲುತ್ತೇವೆ. ಏಕೆಂದರೆ ಈ ಎಲ್ಲ ಕಡೆಗಳಲ್ಲಿಯೂ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಮಾತು ಬಾರದ ಪ್ರಾಣಿಯಿಂದ ಮನುಷ್ಯನು ಎಷ್ಟನ್ನು ಕೇಳಬಹುದು?

ಕುದುರೆಯೂ ನಮ್ಮ ನಾಡೂ

ಕುದುರೆಯು ನಮ್ಮ ಸೀಮೆಗೆ ಹೊಸದಲ್ಲ. ಆದವಾನಿಯ ಕೋಟೆಯು ವಿಜಯನಗರದ ಅರಸರ ಕೈಯಲ್ಲಿತ್ತು, ಬಳಿಕ ಬಿಜಾಪುರದ ಆದಿಲ್‌ಶಾಹಿಗಳ ವಶವಾಯಿತು; 1786ರಲ್ಲಿ ಟಿಪ್ಪು ಸುಲ್ತಾನನು ಅದನ್ನು ಗೆದ್ದನು. ಈ ಎಲ್ಲರ ಬಲವೂ ಬಹುಮಟ್ಟಿಗೆ ಅಶ್ವದಳವನ್ನು ನೆಚ್ಚಿತ್ತು. ವಿಜಯನಗರದ ಅರಸರು ಅರಬ್ಬೀ ದೇಶಗಳ ಕುದುರೆಗಳನ್ನು ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ತರಿಸಿಕೊಳ್ಳುತ್ತಿದ್ದರು. ಆ ಕಾಲದ ವೃತ್ತಾಂತವನ್ನು ಬರೆದಿಟ್ಟ ಪೋರ್ಚುಗೀಸನಾದ ನೂನಿಜ್ ಸ್ವತಃ ಕುದುರೆ ವ್ಯಾಪಾರಿಯಾಗಿದ್ದನು. ಬಳ್ಳಾರಿಯನ್ನು ದಾಟಿ ಹಂಪಿಗೆ ಹೋದವರು ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಸಾಲುಸಾಲಾಗಿ ಕೆತ್ತಿದ ಕುದುರೆಗಳನ್ನು ಇಂದಿಗೂ ಕಾಣಬಹುದು.

ಇಂದಿನ ರೇಸ್ ಕುದುರೆಗಳ ವಂಶವೂ ಅರಬ್ಬೀ ಮೂಲವನ್ನು ಬಿಟ್ಟಿಲ್ಲ. ಥರೋಬ್ರೆಡ್ ಎಂಬ ಈ ತಳಿಯು ಇಂಗ್ಲೆಂಡಿನಲ್ಲಿ ಬೆಳೆದದ್ದಾದರೂ ಅದರ ಗಂಡು ಸಂತತಿಯು ಪೂರ್ವ ದೇಶಗಳಿಂದ ಅಲ್ಲಿಗೆ ಹೋದ ಮೂರು ಕುದುರೆಗಳಿಂದ ಬಂದದ್ದು. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬುವೇ ಆ ಮೂರು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಕುಣಿಗಲ್ಲಿನ ಕುದುರೆ ಫಾರಂ ಇಂಥ ಕುದುರೆಗಳನ್ನು ಸಾಕುವುದಕ್ಕೆ ಹೆಸರಾದದ್ದು. ಟಿಪ್ಪುವಿನ ಕಾಲದಲ್ಲಿ ಅದು ಸೈನ್ಯದ ಕುದುರೆಗಳ ನೆಲೆಯಾಗಿತ್ತು.

ಗೋಡೆಯ ಒಳಗೆ

ಕರ್ನಾಟಕದಲ್ಲಿ ಎರಡು ಹೆಸರಾಂತ ಓಟದ ಮೈದಾನಗಳಿವೆ: ಬೆಂಗಳೂರಿನದು ಒಂದು, ಚಾಮುಂಡಿ ಬೆಟ್ಟದ ಬುಡದಲ್ಲಿರುವ ಮೈಸೂರಿನದು ಇನ್ನೊಂದು. ಮೈಸೂರಿನ ರೇಸ್ ಕ್ಲಬ್ಬು 1891ರಲ್ಲಿ ಸ್ಥಾಪಿತವಾಯಿತು. ನಮಗೆ ಇನ್ನೊಂದು ದಿಕ್ಕಿನಲ್ಲಿ ಹೈದರಾಬಾದಿನ ಮಲಕ್‌ಪೇಟೆಯ ಮೈದಾನವಿದೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದಿಂದಲೂ ಅಲ್ಲಿ ಓಟಗಳು ನಡೆದುಬಂದಿವೆ. ಈ ಮೂರು ಕಡೆಗಳಲ್ಲಿಯೂ ನಡೆಯುವುದು ಸಮನೆಲದ ಓಟ. ದಾರಿಯಲ್ಲಿ ಬೇಲಿಯಿಲ್ಲ, ಹಳ್ಳವಿಲ್ಲ; ಹುಲ್ಲಿನ ಹಾದಿಯಲ್ಲಿ ಓಡುವುದಷ್ಟೇ. ಡರ್ಬಿ ಎಂಬ ದೊಡ್ಡ ಓಟದ ದೂರ 2400 ಮೀಟರ್.

ಕುಟುಂಬವಾಗಿ ಹೋಗಬಯಸುವವರು ಮಕ್ಕಳ ಪ್ರವೇಶದ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಒಳಗೆ ಹೋದ ಬಳಿಕ ಗೆಲುವಿನ ಗುರುತಿನ ಕಂಬದ ಬಳಿಗೆ ಧಾವಿಸುವ ಬದಲು ಪ್ಯಾಡಕ್ ಎಂಬ ಆವರಣದ ಬಳಿ ನಿಲ್ಲಬೇಕು. ಓಟಕ್ಕೆ ಮುಂಚೆ ಕುದುರೆಗಳನ್ನು ಅಲ್ಲಿ ನಡೆಸಿ ತೋರಿಸುತ್ತಾರೆ. ಸುಮಾರು 500 ಕಿಲೋ ತೂಗುವ ಪ್ರಾಣಿಯು ಮೊಣಕಾಲಿನ ಕೆಳಗೆ ಎಷ್ಟು ಸಣ್ಣ ಕಾಲುಗಳ ಮೇಲೆ ನಿಂತಿದೆ ಎಂಬುದು ಅಲ್ಲಿ ಕಾಣುತ್ತದೆ. ಕುದುರೆಯ ಜತೆಗೆ ನಡೆಯುವವನು ಅದರ ಚಾಕರಿಯವನು. ಬೆಳಗಿನ ಜಾವಕ್ಕೆ ಎದ್ದು ಮೈ ಉಜ್ಜಿ, ಗೊರಸು ನೋಡಿ, ಮೇವು ಇಟ್ಟು, ಲಾಯವನ್ನು ಸ್ವಚ್ಛಗೊಳಿಸುವವನು ಅವನೇ. ಗೆದ್ದ ಕುದುರೆಯ ಚಿತ್ರದಲ್ಲಿ ಅವನು ಅಂಚಿನಲ್ಲಿರುತ್ತಾನೆ. ಆದರೆ ಕುದುರೆಯು ನಂಬುವುದು ಅವನ ಕೈಯನ್ನು.

ಸವಾರಿ ಮಾಡುವ ಜಾಕಿಯನ್ನು ಓಟಕ್ಕೆ ಮುಂಚೆ ಜೀನಿನ ಸಮೇತ ತೂಗುತ್ತಾರೆ. ಗೆದ್ದು ಬಂದರೆ ಮತ್ತೆ ತೂಗುತ್ತಾರೆ. ಅನೇಕ ಓಟಗಳಲ್ಲಿ ಬಲವಾದ ಕುದುರೆಗೆ ಹೆಚ್ಚು ಭಾರ, ದುರ್ಬಲವಾದುದಕ್ಕೆ ಕಡಿಮೆ ಭಾರ ಎಂದು ನಿಗದಿ ಮಾಡುವುದರಿಂದ, ಕಡಿಮೆ ಬಿದ್ದ ತೂಕವನ್ನು ಸೀಸದ ಪಟ್ಟಿಗಳಿಂದ ತುಂಬಿಸಲಾಗುತ್ತದೆ. ಮೈದಾನದ ಅಧಿಕಾರಿಗಳು ಓಟವನ್ನು ಉದ್ದಕ್ಕೂ ಗಮನಿಸುತ್ತಾರೆ. ಉದ್ದೀಪನ ಮದ್ದಿನ ಪರೀಕ್ಷೆಗಾಗಿ ಕುದುರೆಗಳ ಮೂತ್ರದ ಮಾದರಿಯನ್ನು ಪಡೆಯುತ್ತಾರೆ. ಓಟವು ಮುಗಿಯಲು ಎರಡು ಮೂರು ನಿಮಿಷ ಸಾಕು. ಅದರ ಹಿಂದುಮುಂದಿನ ಈ ಕಟ್ಟುಪಾಡುಗಳೇ ನಿಜವಾಗಿ ನೋಡತಕ್ಕವು.

ಗೋಪುರದಿಂದ ಗೋಪುರಕ್ಕೆ

ಬೇಲಿ ಹಾರುವ ಓಟವನ್ನು ನೋಡಬೇಕಾದರೆ ಬ್ರಿಟನ್, ಐರ್ಲೆಂಡ್, ಫ್ರಾನ್ಸ್ ಮೊದಲಾದ ದೇಶಗಳಿಗೆ ಹೋಗಬೇಕು. ಅದರ ಹುಟ್ಟಿನ ಕಥೆಯು ಐರ್ಲೆಂಡಿನದು. 1752ರಲ್ಲಿ ಕಾರ್ಕ್ ಸೀಮೆಯ ಇಬ್ಬರು ಗೃಹಸ್ಥರು ಪಂಥ ಕಟ್ಟಿ, ಬಟೆವಂಟ್ ಎಂಬ ಊರಿನ ಚರ್ಚಿನಿಂದ ಡೊನೆರೈಲ್ ಎಂಬ ಊರಿನ ಚರ್ಚಿನವರೆಗೆ ಕುದುರೆ ಓಡಿಸಿದರೆಂದು ಹೇಳುತ್ತಾರೆ. ನಡುವೆ ರಸ್ತೆಯಿರಲಿಲ್ಲ. ದೂರದಿಂದ ಕಾಣುವ ಚರ್ಚಿನ ಗೋಪುರವೇ ಗುರಿ; ಅಡ್ಡ ಬಂದ ಬೇಲಿ, ಗೋಡೆ, ಹಳ್ಳಗಳನ್ನೆಲ್ಲ ಹಾರಿ ಹೋಗಬೇಕು. ಅಲ್ಲಿನ ಮಾತಿನಲ್ಲಿ ಗೋಪುರಕ್ಕೆ ಸ್ಟೀಪಲ್ ಎಂದು ಹೆಸರು. ಆದ್ದರಿಂದ ಈ ಓಟವು ಸ್ಟೀಪಲ್‌ಚೇಸ್ ಆಯಿತು.

ಶಾಲೆಯ ಕ್ರೀಡಾಕೂಟಗಳನ್ನು ಬಲ್ಲ ಮಕ್ಕಳಿಗೆ ಈ ಹೆಸರು ಪರಿಚಿತವೇ. ಮನುಷ್ಯರು ಓಡುವ 3000 ಮೀಟರ್ ಸ್ಟೀಪಲ್‌ಚೇಸ್ ಓಟದ ಹೆಸರೂ ಇಲ್ಲಿಂದಲೇ ಬಂದದ್ದು. ಅದರಲ್ಲಿ 28 ಅಡೆಗಳನ್ನೂ 7 ನೀರಿನ ಹಳ್ಳಗಳನ್ನೂ ದಾಟಬೇಕು. ನಮ್ಮಂತೆಯೇ ಮಳೆ ಕಡಿಮೆಯಾದ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ರೈತ ಕುಟುಂಬದಲ್ಲಿ ಹುಟ್ಟಿ ಸೈನ್ಯವನ್ನು ಸೇರಿದ ಅವಿನಾಶ್ ಸಾಬ್ಳೆ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಈ ಓಟವನ್ನು 8 ನಿಮಿಷ 11.20 ಸೆಕೆಂಡುಗಳಲ್ಲಿ ಓಡಿ ಬೆಳ್ಳಿಯನ್ನು ಗೆದ್ದರು. ಇಲ್ಲಿ ಒಂದು ಭೇದವನ್ನು ಮಕ್ಕಳಿಗೆ ತಿಳಿಸಬೇಕು. ಸಾಬ್ಳೆ ಓಡಲು ತಾವೇ ಮನಸ್ಸು ಮಾಡಿದವರು. ಕಾಲು ನೊಂದರೆ ನಿಲ್ಲಿಸುವ ಅಧಿಕಾರವೂ ಅವರದೇ. ಕುದುರೆಗೆ ಈ ಎರಡನ್ನೂ ಯಾರೂ ಕೇಳುವುದಿಲ್ಲ.

ಐನ್‌ಟ್ರೀಯ ಮೂವತ್ತು ಬೇಲಿಗಳು

ಬೇಲಿ ಹಾರುವ ಓಟಕ್ಕೆ ಲೋಕದಲ್ಲೆಲ್ಲ ಹೆಸರಾದ ಮೈದಾನವು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಬಳಿಯ ಐನ್‌ಟ್ರೀ. ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಅಲ್ಲಿ ಗ್ರ್ಯಾಂಡ್ ನ್ಯಾಷನಲ್ ಎಂಬ ಓಟವು ನಡೆಯುತ್ತದೆ. ಸಾಮಾನ್ಯವಾಗಿ 1839ನ್ನು ಅದರ ಮೊದಲ ವರ್ಷವೆಂದು ಎಣಿಸುತ್ತಾರೆ. ಆ ವರ್ಷ ಗೆದ್ದ ಕುದುರೆಯ ಹೆಸರು ಲಾಟರಿ.

ಮೈದಾನದಲ್ಲಿರುವ ಬೇಲಿಗಳು 16. ಅವುಗಳಲ್ಲಿ 14ನ್ನು ಎರಡೆರಡು ಸಲ ಹಾರಬೇಕಾದುದರಿಂದ ಒಟ್ಟು 30 ನೆಗೆತಗಳಾಗುತ್ತವೆ. ದೂರವು ಸುಮಾರು 6.9 ಕಿಲೋಮೀಟರ್, ಅಂದರೆ ನಮ್ಮ ಡರ್ಬಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಚೇರ್ ಎಂಬುದು ಅತ್ಯಂತ ಎತ್ತರದ ಬೇಲಿ: ಸುಮಾರು 157 ಸೆಂಟಿಮೀಟರ್. ಪ್ರೌಢಶಾಲೆಯ ಅನೇಕ ಮಕ್ಕಳ ತಲೆಯ ಎತ್ತರ ಅದು. ಕೆನಾಲ್ ಟರ್ನ್ ಎಂಬಲ್ಲಿ ಬೇಲಿಯನ್ನು ಹಾರಿದ ಕೂಡಲೇ ಲಂಬಕೋನದಷ್ಟು ತಿರುಗಬೇಕು. ಬೆಚರ್ಸ್ ಬ್ರುಕ್ ಎಂಬ ಬೇಲಿಯ ವಿಶೇಷವೆಂದರೆ, ಹಾರುವ ಕಡೆಗಿಂತ ಇಳಿಯುವ ಕಡೆಯ ನೆಲವು ತಗ್ಗಾಗಿರುವುದು. 1839ರ ಓಟದಲ್ಲಿ ಕ್ಯಾಪ್ಟನ್ ಮಾರ್ಟಿನ್ ಬೆಚರ್ ಎಂಬ ಸವಾರನು ಅಲ್ಲಿನ ನೀರಿಗೆ ಬಿದ್ದುದರಿಂದ ಆ ಹೆಸರು ಬಂದಿತು. ಇನ್ನೊಂದು ಬೇಲಿಗೆ ಫೊಯ್ನಾವನ್ ಎಂಬ ಕುದುರೆಯ ಹೆಸರಿದೆ. 1967ರಲ್ಲಿ ಮುಂದಿದ್ದ ಕುದುರೆಗಳೆಲ್ಲ ಅಲ್ಲಿ ಒಂದರ ಮೇಲೊಂದು ಬಿದ್ದು ದಾರಿ ಕಟ್ಟಿಹೋದಾಗ, ಬಹಳ ಹಿಂದೆ ಬರುತ್ತಿದ್ದ ಫೊಯ್ನಾವನ್ ಪಕ್ಕದಿಂದ ನುಸುಳಿ ಬೇಲಿ ಹಾರಿ ಗೆದ್ದಿತು.

ಐನ್‌ಟ್ರೀಗೆ ಹೋದವರು ಗೆಲುವಿನ ಕಂಬದ ಬಳಿ ಒಂದು ಸಮಾಧಿಯನ್ನು ನೋಡುತ್ತಾರೆ. ಅದು ರೆಡ್ ರಮ್ ಎಂಬ ಕುದುರೆಯದು. ಗೊರಸಿನೊಳಗಿನ ಮೂಳೆಯ ಬೇನೆಯಿದ್ದ ಈ ಕುದುರೆಯನ್ನು, ಕಾರು ಮಾರಾಟವನ್ನೂ ಮಾಡುತ್ತಿದ್ದ ಜಿಂಜರ್ ಮೆಕ್ಕೇನ್ ಎಂಬ ತರಬೇತುದಾರರು ಸೌತ್‌ಪೋರ್ಟಿನ ಕಡಲತೀರದ ಮರಳಿನಲ್ಲಿ ಓಡಿಸಿ ಅಣಿಗೊಳಿಸಿದರು. ಅದು 1973, 1974 ಮತ್ತು 1977ರಲ್ಲಿ, ಹೀಗೆ ಮೂರು ಸಲ ಗ್ರ್ಯಾಂಡ್ ನ್ಯಾಷನಲ್ ಗೆದ್ದಿತು. 2021ರಲ್ಲಿ ಐರ್ಲೆಂಡಿನ ರೇಚಲ್ ಬ್ಲ್ಯಾಕ್‌ಮೋರ್ ಮಿನೆಲ್ಲಾ ಟೈಮ್ಸ್ ಎಂಬ ಕುದುರೆಯ ಮೇಲೆ ಗೆದ್ದು, ಈ ಓಟವನ್ನು ಗೆದ್ದ ಮೊದಲ ಮಹಿಳೆಯಾದರು.

ಹಾರುವಾಗ ಕುದುರೆಗೆ ಏನು ಕಾಣುತ್ತದೆ

ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಆದ್ದರಿಂದ ಅದಕ್ಕೆ ಸುತ್ತಲಿನ ಬಹುಭಾಗವು ಒಂದೇ ಸಲಕ್ಕೆ ಕಾಣುತ್ತದೆ. ಆದರೆ ಮೂಗಿನ ನೇರ ಮುಂದಿನ ಸ್ವಲ್ಪ ಜಾಗವು ಕಾಣುವುದಿಲ್ಲ. ಬೇಲಿಯನ್ನು ಅದು ದೂರದಿಂದಲೇ ನೋಡಿ ಎತ್ತರವನ್ನು ಅಳೆದುಕೊಂಡಿರುತ್ತದೆ. ನೆಗೆಯುವ ಕ್ಷಣದಲ್ಲಿ ಬೇಲಿಯು ಅದರ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿರುವುದಿಲ್ಲ. ಆಗ ಅದನ್ನು ನಡೆಸುವುದು ಅಭ್ಯಾಸ, ತನ್ನ ನೆನಪು ಮತ್ತು ಬೆನ್ನ ಮೇಲಿರುವವನ ಮೇಲಿನ ನಂಬಿಕೆ.

ಬಣ್ಣದ ವಿಷಯದಲ್ಲಿಯೂ ಕುದುರೆಯ ಲೋಕವು ಬೇರೆ. ನೀಲಿ, ಹಳದಿಗಳನ್ನು ಅದು ಗುರುತಿಸುತ್ತದೆ; ಕೆಂಪು, ಹಸಿರುಗಳ ಭೇದವು ಅದಕ್ಕೆ ತಿಳಿಯದು. ಬ್ರಿಟನ್ನಿನ ಮೈದಾನಗಳಲ್ಲಿ ಬಹುಕಾಲ ಬೇಲಿಯ ಅಂಚಿನ ಹಲಗೆಗಳಿಗೆ ಕಿತ್ತಳೆ ಬಣ್ಣವನ್ನು ಬಳಿಯುತ್ತಿದ್ದರು. ಅದು ಮನುಷ್ಯನ ಕಣ್ಣಿಗೆ ಎದ್ದು ಕಾಣುವ ಬಣ್ಣ, ಕುದುರೆಗೆ ಹುಲ್ಲಿನಲ್ಲಿ ಬೆರೆತುಹೋಗುವ ಬಣ್ಣ. ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ತೋರಿಸಿಕೊಟ್ಟ ಮೇಲೆ ಅವುಗಳಿಗೆ ಬಿಳಿ ಬಣ್ಣ ಬಂದಿತು. ಹಾರಬೇಕಾದದ್ದು ಕುದುರೆ, ಆದರೆ ಬಣ್ಣವನ್ನು ಆರಿಸುವಾಗ ಅಷ್ಟು ಕಾಲ ಕೇಳಿದ್ದು ಮನುಷ್ಯನ ಕಣ್ಣನ್ನು!

ಕುದುರೆಯನ್ನು ಕಂಡರೆ ಕಾಲುನೋವು ಎಂಬ ಗಾದೆಯನ್ನು ನಾವು ಸೋಮಾರಿಗಳಿಗೆ ಹೇಳುತ್ತೇವೆ. ನಿಜವಾಗಿ ಕಾಲಿನ ಭಯವಿರುವುದು ಕುದುರೆಗೇ. ಬೇಲಿಯಾಚೆ ಇಳಿಯುವಾಗ ಇಡೀ ದೇಹದ ಭಾರವು ಮೊದಲು ಒಂದು ಮುಂಗಾಲಿನ ಮೇಲೆ ಬೀಳುತ್ತದೆ. ಮೊಣಕಾಲಿನ ಕೆಳಗೆ ಮಾಂಸದ ಹೊದಿಕೆಯಿಲ್ಲ. ಇರುವುದು ಮೂಳೆ, ನರದಂತಹ ಕಟ್ಟುಗಳು ಮತ್ತು ಚರ್ಮ. ಆ ಮೂಳೆ ನುಚ್ಚಾದರೆ ಅದು ಕೂಡುವುದು ಬಹಳ ಕಷ್ಟ. ಮನುಷ್ಯನಂತೆ ವಾರಗಟ್ಟಲೆ ಮಲಗಿ ಇರುವುದು ಕುದುರೆಗೆ ಸಾಧ್ಯವಿಲ್ಲ. ಉಳಿದ ಕಾಲುಗಳ ಮೇಲೆ ಭಾರ ಹೆಚ್ಚಿ ಅವುಗಳ ಗೊರಸಿನೊಳಗೆ ಬಾವು ಬರುತ್ತದೆ, ನೋವು ಎರಡಾಗುತ್ತದೆ. ಕಾಲು ಮುರಿದ ಕುದುರೆಗೆ ಮೈದಾನದಲ್ಲಿಯೇ ದಯಾಮರಣವನ್ನು ಏಕೆ ಕೊಡುತ್ತಾರೆ ಎಂದು ಮಗು ಕೇಳಿದರೆ ಹೇಳಬೇಕಾದ ಉತ್ತರ ಇದು. ಉತ್ತರ ಕಹಿಯಾದದ್ದೆಂದು ಅದನ್ನು ಮರೆಮಾಡಬೇಕಾಗಿಲ್ಲ.

ನಿಯಮಗಳು ಹೇಗೆ ಬದಲಾದವು

ಐನ್‌ಟ್ರೀಯಲ್ಲಿ ಕುದುರೆಗಳು ಸತ್ತಿವೆ. 1989ರಲ್ಲಿ ಬೆಚರ್ಸ್ ಬ್ರುಕ್‌ನಲ್ಲಿ ಎರಡು ಕುದುರೆಗಳು ಸತ್ತ ಮೇಲೆ ಅಲ್ಲಿನ ಹಳ್ಳದ ಆಳವನ್ನು ತುಂಬಿಸಿದರು. 2011 ಮತ್ತು 2012ರ ಓಟಗಳಲ್ಲಿ ಎರಡೆರಡು ಕುದುರೆಗಳು ಸತ್ತವು. ಜನರ ಆಕ್ರೋಶವು ಹೆಚ್ಚಿತು. 2013ರಿಂದ ಬೇಲಿಗಳ ಒಳಗಿನ ಮರದ ಗೂಟಗಳನ್ನು ತೆಗೆದು ಬಾಗುವ ಪ್ಲಾಸ್ಟಿಕ್ಕಿನ ಕಡ್ಡಿಗಳನ್ನಿಟ್ಟರು; ತಗಲಿದರೆ ಬೇಲಿಯು ಮಣಿಯುತ್ತದೆ. ಬಿದ್ದ ಸವಾರನು ಮತ್ತೆ ಹತ್ತಿ ಓಟವನ್ನು ಮುಂದುವರಿಸುವುದನ್ನು ಬ್ರಿಟನ್ನಿನಲ್ಲಿ 2009ರಲ್ಲಿಯೇ ನಿಷೇಧಿಸಲಾಗಿತ್ತು. 2023ರಲ್ಲಿ ಮತ್ತೊಂದು ಕುದುರೆ ಸತ್ತಿತು. ಆ ದಿನ ಪ್ರತಿಭಟನಕಾರರು ಮೈದಾನಕ್ಕೆ ನುಗ್ಗಿದ್ದರಿಂದ ಓಟವೇ ತಡವಾಗಿ ಆರಂಭವಾಯಿತು. ಮರುವರ್ಷ ಓಡುವ ಕುದುರೆಗಳ ಗರಿಷ್ಠ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದರು. ಮೊದಲ ಬೇಲಿಯನ್ನು ಆರಂಭದ ಗೆರೆಗೆ ಹತ್ತಿರ ತಂದರು; ಅದನ್ನು ತಲುಪುವಾಗ ಕುದುರೆಗಳ ವೇಗ ಮಿತಿಯಲ್ಲಿರಲಿ ಎಂಬುದು ಉದ್ದೇಶ. ಬೇಲಿಯ ಓಟಗಳಲ್ಲಿ ಚಾವಟಿಯನ್ನು ಏಳು ಸಲಕ್ಕಿಂತ ಹೆಚ್ಚು ಬಳಸುವಂತಿಲ್ಲ ಎಂಬ ಕಟ್ಟು 2023ರಲ್ಲಿ ಬಂದಿತ್ತು.

2024ರ ಓಟದಲ್ಲಿ ಒಂದು ಕುದುರೆಯೂ ಬೀಳಲಿಲ್ಲ. ಆದರೆ 2025ರಲ್ಲಿ ಹದಿಮೂರು ವರ್ಷದ ಒಂದು ಕುದುರೆಯು ಓಟದ ಕೊನೆಯಲ್ಲಿ ಬಳಲಿ ಕುಸಿದು, ಕೆಲವು ದಿನಗಳಲ್ಲಿ ಸತ್ತಿತು. ಕಸುವು ತೀರಿದ ಕುದುರೆಯನ್ನು ಮುಂದೆ ಓಡಿಸಿದ್ದಕ್ಕಾಗಿ ಅದರ ಸವಾರನಿಗೆ ಹತ್ತು ದಿನಗಳ ನಿಷೇಧವನ್ನು ಅಧಿಕಾರಿಗಳು ವಿಧಿಸಿದರು. ಈ ಶಿಕ್ಷೆಯು ಸಾಕೇ ಎಂದು ಕೇಳುವವರಿದ್ದಾರೆ. ಇಂಥ ಓಟವೇ ಬೇಡ ಎನ್ನುವವರೂ ಇದ್ದಾರೆ. ನಾವು ಗಮನಿಸಬೇಕಾದದ್ದು ಇಷ್ಟು: ಪ್ರತಿಯೊಂದು ಬದಲಾವಣೆಯೂ ಸಾವಿನ ಬಳಿಕ, ಜನರು ಪ್ರಶ್ನೆ ಕೇಳಿದ ಬಳಿಕ ಬಂದಿದೆ. ಕೇಳುವವರಿಲ್ಲದ ಕಡೆ ಬೇಲಿಯು ತಾನಾಗಿ ತಗ್ಗುವುದಿಲ್ಲ.

ಬೆಂಗಳೂರಿನ ಹಾರುವ ಕುದುರೆಗಳು

ಓಟದ ಪಂದ್ಯವಲ್ಲದಿದ್ದರೂ ಬೇಲಿ ಹಾರುವ ಕುದುರೆಗಳು ಬೆಂಗಳೂರಿನಲ್ಲಿಯೂ ಇವೆ. ಅಲ್ಲಿನ ಸೈನ್ಯದ ಎಎಸ್‌ಸಿ ಕೇಂದ್ರ ಮತ್ತು ಸವಾರಿ ಶಾಲೆಗಳಲ್ಲಿ ಜಂಪಿಂಗ್ ಅಭ್ಯಾಸವಾಗುತ್ತದೆ. ಬೆಂಗಳೂರಿನವರೇ ಆದ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಸೀನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಈವೆಂಟಿಂಗ್ ಸ್ಪರ್ಧೆಯ ವೈಯಕ್ತಿಕ ಬೆಳ್ಳಿಯನ್ನು ಗೆದ್ದರು. ತಂಡಕ್ಕೂ ಬೆಳ್ಳಿ ಬಂದಿತು. ಕುದುರೆ ಸವಾರಿಯಲ್ಲಿ ಭಾರತೀಯರೊಬ್ಬರು ಏಷ್ಯನ್ ಕೂಟದಲ್ಲಿ ವೈಯಕ್ತಿಕ ಪದಕವನ್ನು ಪಡೆದದ್ದು 1982ರ ದೆಹಲಿ ಕೂಟದ ಬಳಿಕ ಅದೇ ಮೊದಲು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು 23ನೆಯ ಸ್ಥಾನವನ್ನು ಪಡೆದರು.

ಈವೆಂಟಿಂಗ್‌ನಲ್ಲಿ ಮೂರು ಪರೀಕ್ಷೆಗಳಿವೆ: ಸವಾರನ ಸೂಚನೆಗೆ ತಕ್ಕಂತೆ ಶಿಸ್ತಿನ ನಡೆ, ಬಯಲಿನಲ್ಲಿ ಅಡೆಗಳನ್ನು ದಾಟುವ ಓಟ, ಮೈದಾನದಲ್ಲಿ ಬೇಲಿ ಹಾರುವುದು. ಮೈದಾನದ ಜಂಪಿಂಗಿನಲ್ಲಿ ಬೇಲಿಯ ಕಂಬಿಯು ಕೆಳಗೆ ಬಿದ್ದರೆ ನಾಲ್ಕು ತಪ್ಪಂಕಗಳು. ಕುದುರೆಯು ಬೇಲಿಯ ಮುಂದೆ ನಿಂತುಬಿಟ್ಟರೆ ಅದಕ್ಕೂ ದಂಡವುಂಟು; ಮತ್ತೆ ಮತ್ತೆ ನಿಂತರೆ ಆ ಜೋಡಿಯು ಸ್ಪರ್ಧೆಯಿಂದ ಹೊರಗೆ. ನಿಯಮದ ಪುಸ್ತಕದಲ್ಲಿ ಇದಕ್ಕೆ ಅವಿಧೇಯತೆ ಎಂಬ ಅರ್ಥದ ಹೆಸರಿದೆ. ಆದರೆ ಒಳ್ಳೆಯ ಸವಾರನು ಅದನ್ನು ಹಾಗೆ ಓದುವುದಿಲ್ಲ. ಕಾಲಿನಲ್ಲಿ ನೋವಿದೆಯೇ, ಜೀನು ಒತ್ತುತ್ತಿದೆಯೇ, ದೂರವನ್ನು ತಾನು ತಪ್ಪಾಗಿ ಅಳೆದೆನೇ ಎಂದು ಮೊದಲು ನೋಡುತ್ತಾನೆ. ಮಾತು ಬಾರದ ಪ್ರಾಣಿಯು ಬೇಡ ಎನ್ನಲು ಇರುವುದು ನಿಂತುಬಿಡುವ ದಾರಿಯೊಂದೇ. ಆ ನಿಲುವನ್ನು ಹೊಡೆದು ಮುರಿಯುವವನು ಸವಾರನಲ್ಲ.

ಕಿಟಕಿಯ ಲೆಕ್ಕ

ರೇಸ್ ಮೈದಾನದ ಇನ್ನೊಂದು ಮುಖವನ್ನು ಹೇಳದೆ ಬಿಟ್ಟರೆ ಓದುಗರಿಗೆ ಅನ್ಯಾಯವಾಗುತ್ತದೆ. ಅಲ್ಲಿ ಹಣ ಕಟ್ಟುವ ಕಿಟಕಿಗಳಿವೆ. ಕುದುರೆ ಓಟವು ಕೇವಲ ಅದೃಷ್ಟದ ಆಟವಲ್ಲ, ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿದೆ. ಆ ತೀರ್ಪು ಹೇಳುವುದು ಕಾನೂನಿನ ವಿಷಯವನ್ನು. ಮನೆಯ ಖರ್ಚಿನ ಲೆಕ್ಕವೇ ಬೇರೆ.

ಲೆಕ್ಕವನ್ನು ಎಂಟನೆಯ ತರಗತಿಯ ಮಗುವೂ ಮಾಡಬಲ್ಲದು. ಟೋಟ್ ಎಂಬ ಪದ್ಧತಿಯಲ್ಲಿ ಎಲ್ಲರೂ ಕಟ್ಟಿದ ಹಣವು ಒಂದು ರಾಶಿಯಾಗುತ್ತದೆ. ಅದರಿಂದ ತೆರಿಗೆಯೂ ಮೈದಾನದ ಪಾಲೂ ಮೊದಲು ಹೊರಗೆ ಹೋಗುತ್ತವೆ. ಉಳಿದದ್ದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. ಹತ್ತು ಜನರು ನೂರು ನೂರು ರೂಪಾಯಿ ಕಟ್ಟಿದರೆಂದು ಇಟ್ಟುಕೊಳ್ಳೋಣ, ರಾಶಿ 1000. ಅದರಲ್ಲಿ 200 ಹೊರಗೆ ಹೋದರೆ ಹಂಚಲು ಉಳಿದದ್ದು 800. ಯಾರು ಗೆದ್ದರೂ ಸರಿ, ಆ ಹತ್ತು ಜನರು ಒಟ್ಟಾಗಿ 200 ರೂಪಾಯಿ ಕಳೆದುಕೊಂಡಿದ್ದಾರೆ. ಇದೇ ಆಟವನ್ನು ದಿನಕ್ಕೆ ಹಲವು ಸಲ, ವಾರಗಟ್ಟಲೆ ಆಡಿದರೆ ಉಳಿಯುವುದೆಷ್ಟು ಎಂಬುದನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಬಹುದು. ದುಡಿಯಲು ದೂರದ ಊರಿಗೆ ಹೋದವನ ಒಂದು ತಿಂಗಳ ಕೂಲಿ ಈ ರಾಶಿಯಲ್ಲಿ ಕರಗಲು ಒಂದು ಮಧ್ಯಾಹ್ನ ಸಾಕು. ಕುದುರೆಯನ್ನು ನೋಡಲು ಹೋಗೋಣ, ಕಿಟಕಿಯ ಸಾಲಿನಲ್ಲಿ ನಿಲ್ಲುವುದು ಬೇಡ.

ನಮ್ಮ ಊರಿನ ಬಯಲಿನಲ್ಲಿ

ಇಷ್ಟೆಲ್ಲ ದೂರದ ಮಾತು ನಮಗೇಕೆ ಎಂದು ಯಾರಾದರೂ ಕೇಳಬಹುದು. ಉತ್ತರವು ನಮ್ಮ ಊರುಗಳಲ್ಲಿಯೇ ಇದೆ. ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಊರ ಬಾಗಿಲಲ್ಲಿ ಕಟ್ಟಿದ ಬೇವಿನ ಕರಿಯನ್ನು ಹರಿಯಲು ಓಡಿಸುತ್ತೇವೆ. ಬಿಳಿ ಎತ್ತು ಮುಂದಾದರೆ ಜೋಳ, ಹತ್ತಿಯಂತಹ ಬಿಳಿಯ ಬೆಳೆ ಚೆನ್ನಾಗುವುದೆಂದೂ, ಕೆಂದೆತ್ತು ಮುಂದಾದರೆ ಕೆಂಪು ಬೆಳೆ ಒಳ್ಳೆಯದಾಗುವುದೆಂದೂ ಹಿರಿಯರು ಹೇಳುತ್ತಾರೆ. ಆ ಓಟವು ಚಿಕ್ಕದು, ವರ್ಷಕ್ಕೊಮ್ಮೆ ಬರುವುದು. ಕರಿ ಹರಿದೊಡನೆ ಮುಗಿಯುವುದು. ದುಡಿದ ಎತ್ತಿಗೆ ಅದು ಗೌರವ.

ಬಂಡೆ ಎಳೆಯುವ ಸ್ಪರ್ಧೆ ಬೇರೆ ಬಗೆಯದು. ಉಗಾದಿ, ಸಂಕ್ರಾಂತಿ, ಜಾತ್ರೆಗಳ ಕಾಲದಲ್ಲಿ ರಾಯಲಸೀಮೆಯ ಊರೂರಿನಲ್ಲಿ ಅದು ನಡೆಯುತ್ತದೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ವಯಸ್ಸಿಗೆ ತಕ್ಕ ವಿಭಾಗಗಳಿವೆ. ಗೊತ್ತುಪಡಿಸಿದ ನಿಮಿಷಗಳೊಳಗೆ ಕಲ್ಲಿನ ದಿಮ್ಮಿಯನ್ನು ಹೆಚ್ಚು ದೂರ ಎಳೆದ ಜೋಡಿಗೆ ಬಹುಮಾನ. ಇಂಥ ಜೋಡಿಯನ್ನು ಸಾಕುವ ರೈತನು ತನ್ನ ಮಕ್ಕಳಿಗಿಂತ ಹೆಚ್ಚಾಗಿ ಅವನ್ನು ನೋಡಿಕೊಳ್ಳುತ್ತಾನೆ. ಹುರುಳಿ ಬೇಯಿಸಿ ತಿನ್ನಿಸುತ್ತಾನೆ, ದಿನವೂ ಮೈ ಉಜ್ಜುತ್ತಾನೆ. ಈ ಪ್ರೀತಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸ್ಪರ್ಧೆಯ ಕೊನೆಯ ನಿಮಿಷದಲ್ಲಿ, ಸುತ್ತ ಜನರು ಕೂಗುತ್ತಿರುವಾಗ, ಬಾಯಲ್ಲಿ ನೊರೆ ಬಂದ ಎತ್ತು ನಿಂತುಬಿಟ್ಟರೆ ಏನು ಮಾಡುತ್ತೇವೆ? ಬಾರುಕೋಲು ಮೇಲೇಳುತ್ತದೆಯೋ ಇಲ್ಲವೋ? ಐನ್‌ಟ್ರೀಯಲ್ಲಿ ಕೇಳಿದ ಪ್ರಶ್ನೆಯೇ ಇಲ್ಲಿಯೂ.

ಇದಕ್ಕೆ ಕಾನೂನಿನ ಉತ್ತರ ಎಂದೋ ಬರೆದಿಟ್ಟಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಕೆಳಗೆ 1965ರಲ್ಲಿ, ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ ನಿಯಮಗಳು ಬಂದವು. ಅವುಗಳ ಪ್ರಕಾರ ಎತ್ತನ್ನು ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶವು 37 ಡಿಗ್ರಿಯನ್ನು ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಮೊಳೆಯಿರುವ ಕೋಲನ್ನು ಬಳಸುವಂತಿಲ್ಲ. ನಮ್ಮ ಸೀಮೆಯ ಉಗಾದಿಯ ಬಿಸಿಲನ್ನು ಬಲ್ಲವರಿಗೆ 37 ಡಿಗ್ರಿ ಎಂಬುದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಲ್ಲಿಕಟ್ಟು, ಕಂಬಳ, ಬಂಡಿ ಓಟಗಳಿಗಾಗಿ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳು ಮಾಡಿಕೊಂಡ ತಿದ್ದುಪಡಿಗಳನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಪ್ರಾಣಿಗಳ ನೋವನ್ನು ತಗ್ಗಿಸಲು ಆ ರಾಜ್ಯಗಳು ನಿಯಮಗಳನ್ನು ಮಾಡಿಕೊಂಡಿವೆ ಎಂಬುದನ್ನು ನ್ಯಾಯಾಲಯವು ಅದಕ್ಕೆ ಆಧಾರವಾಗಿ ಕಂಡಿತು. ಸಂಪ್ರದಾಯವು ಉಳಿಯುವುದು ನಿಯಮವನ್ನು ಪಾಲಿಸಿದಾಗಲೇ.

ಕನ್ನಡಿಗರಿಗೆ ಈ ವಿವೇಕವು ಹೊರಗಿನಿಂದ ಬರಬೇಕಾದದ್ದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಚಾಲುಕ್ಯ ವಂಶದ ಕೀರ್ತಿವರ್ಮನು ದನಗಳ ರೋಗ, ಔಷಧಗಳನ್ನು ಕುರಿತು ಗೋವೈದ್ಯ ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ಸುಮಾರು 1400ರಲ್ಲಿ ಅಭಿನವಚಂದ್ರನು ಕುದುರೆಗಳ ವೈದ್ಯವನ್ನು ಕುರಿತು ಬರೆದನು. ಎತ್ತಿನ ನೋವಿಗೂ ಕುದುರೆಯ ನೋವಿಗೂ ನಮ್ಮ ನುಡಿಯಲ್ಲಿ ಅಷ್ಟು ಹಿಂದೆಯೇ ಶಬ್ದಗಳಿದ್ದವು, ಮದ್ದೂ ಇತ್ತು.

ಆದ್ದರಿಂದ ಮುಂದಿನ ಜಾತ್ರೆಗೆ ಮುಂಚೆ ಕನ್ನಡ ಶಾಲೆಯ ಮಕ್ಕಳು ಮಾಡಬಹುದಾದ ಒಂದು ಕೆಲಸವಿದೆ. 1965ರ ನಿಯಮಗಳಲ್ಲಿ ಮುಖ್ಯವಾದ ನಾಲ್ಕನ್ನು ಒಂದು ಹಲಗೆಯ ಮೇಲೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಬರೆದು, ಸ್ಪರ್ಧೆಯ ಬಯಲಿನಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಿಸುವುದು. ಅದರ ಪಕ್ಕದಲ್ಲಿ ನೀರಿನ ತೊಟ್ಟಿ, ನೆರಳಿನ ಚಪ್ಪರ, ಪಶುವೈದ್ಯರು ಕುಳಿತುಕೊಳ್ಳಲು ಒಂದು ಕುರ್ಚಿ ಇರುವಂತೆ ಹಿರಿಯರು ನೋಡಿಕೊಳ್ಳಬೇಕು. ಎತ್ತು ನಿಂತರೆ ಸ್ಪರ್ಧೆಯೂ ಆ ಜೋಡಿಗೆ ಅಲ್ಲಿಗೇ ನಿಂತಿತೆಂಬ ಒಂದು ಕಟ್ಟನ್ನು ಊರಿನವರು ತಾವಾಗಿ ಮಾಡಿಕೊಂಡರೆ, ನಿಂತ ಎತ್ತಿನ ಮೇಲೆ ಕೋಲೆತ್ತುವ ಪ್ರಸಂಗವೇ ಬರುವುದಿಲ್ಲ.